ಮನೆಗೆ ಕಳ್ಳರು ನುಗ್ಗಿ ಹೋದ ಮೇಲೆ: ಕರಾವಳಿಯ ಕ್ರೈಸ್ತ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗಳು ಯಾವಾಗ ಖಾಲಿ ಇರುತ್ತವೆ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಭಾನುವಾರ ಬೆಳಗಿನ ಬಲಿಪೂಜೆ, ಕ್ರಿಸ್ಮಸ್ ಹಿಂದಿನ ರಾತ್ರಿ, ಮದುವೆ ಮನೆಯ ರೋಸ್ (ಮದುವೆಯ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಗಲ್ಫಿನಲ್ಲಿರುವ ಮಗಳ ಬಾಣಂತನಕ್ಕೆ ಹೋದ ತಾಯಿ ತಂದೆ: ಇವನ್ನು ತಿಳಿಯಲು ಕಳ್ಳನಿಗೆ ಗೂಢಚಾರರು ಬೇಕಿಲ್ಲ. ಇಗರ್ಜಿಯ ವಾರ್ಡಿನ ಗುರಿಕಾರನಾಗಿ, ಅಂದರೆ ಮುಖಂಡನಾಗಿ, ಇಂಥ ಮನೆಗಳಿಗೆ ಹೋದಾಗ ಕೇಳಿಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರು ಹೆಚ್ಚಿನವರು ದಕ್ಷಿಣ ಕನ್ನಡ ಮತ್ತು ಉಡುಪಿಯ ಕಥೋಲಿಕರು, ಕೆಲವರು ಪ್ರೊಟೆಸ್ಟೆಂಟರಾದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಕೆಲವು ಉತ್ತರಗಳು ಕಾನೂನಿನವು, ಕೆಲವು ನಂಬಿಕೆಯವು. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಇಡಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಕೇಳುವವರು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ.

ಪೂಜೆ ಮುಗಿಸಿ ಬಂದಾಗ ಹಿಂಬಾಗಿಲು ಮುರಿದಿದೆ. ಮೊದಲು ಯಾರಿಗೆ ಫೋನ್ ಮಾಡಬೇಕು?

ಒಳಗೆ ಹೋಗಬೇಡಿ. ಕಳ್ಳ ಇನ್ನೂ ಒಳಗೇ ಇರಬಹುದು. ಅಂಗಳದಲ್ಲಿ ನಿಂತು 112ಕ್ಕೆ ಕರೆ ಮಾಡಿ. ಫಾದರ್, ಗುರಿಕಾರ, ಮುಂಬೈಯಲ್ಲಿರುವ ಅಣ್ಣ, ಇವರಿಗೆಲ್ಲ ಆಮೇಲೆ ಹೇಳಿದರಾಯಿತು. ಸುದ್ದಿ ತಿಳಿದ ಕೂಡಲೇ ಇಡೀ ವಾರ್ಡು ಬಂದು ಮಲಗುವ ಕೋಣೆಯವರೆಗೆ ನಡೆದಾಡುತ್ತದೆ. ಪ್ರೀತಿಯಿಂದಲೇ ಬರುತ್ತಾರೆ, ಆದರೆ ಬೆರಳಚ್ಚು ತಜ್ಞರಿಗೂ ಶ್ವಾನದಳಕ್ಕೂ ಏನೂ ಉಳಿಯುವುದಿಲ್ಲ. ಹೊಸ್ತಿಲಲ್ಲೇ ಒಬ್ಬರು ನಿಂತು ತಡೆಯಬೇಕು. ಆ ಕೆಲಸಕ್ಕೆ ಮನೆಯವರಿಗಿಂತ ಗಟ್ಟಿ ದನಿಯ ನೆರೆಯವರು ಮೇಲು.

ಎಲ್ಲ ಚೆಲ್ಲಾಪಿಲ್ಲಿಯಾಗಿದೆ, ಅಲ್ತಾರಿನ (ಮನೆಯ ಪ್ರಾರ್ಥನಾ ಪೀಠದ) ಮೇಲಿದ್ದ ಶಿಲುಬೆಯೂ ನೆಲಕ್ಕೆ ಬಿದ್ದಿದೆ. ಅದನ್ನಾದರೂ ಎತ್ತಿಡಬಹುದೇ?

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ಪೊಲೀಸರು ನೋಡಿ, ಫೋಟೊ ತೆಗೆಯುವವರೆಗೆ ಬಿಡಿ. ಕಳ್ಳ ಮುಟ್ಟಿದ ವಸ್ತುವೇ ಅವನ ಗುರುತನ್ನು ಹಿಡಿದಿರುತ್ತದೆ. ನೆಲದಲ್ಲಿ ಬಿದ್ದಿದ್ದರಿಂದ ಶಿಲುಬೆಗೆ ಅಪಮಾನವಾಗುವುದಿಲ್ಲ. ನಾಯಿಗೆ ಜಾಡು ಸಿಗದಿರಲೆಂದು ಕಳ್ಳ ಮೆಣಸಿನ ಪುಡಿ ಚೆಲ್ಲಿದ್ದರೆ ಅದನ್ನೂ ಗುಡಿಸಬೇಡಿ. ಹಂಚಿನ ಮನೆಯಾದರೆ ಮಾಡಿನತ್ತ ಒಮ್ಮೆ ಕಣ್ಣು ಹಾಯಿಸಿ, ಹಂಚು ಸರಿದಿದ್ದರೆ ಪೊಲೀಸರಿಗೆ ತೋರಿಸಿ.

ಎಫ್‌ಐಆರ್ ಮಾಡಿಸುವುದು ಹೇಗೆ? ಠಾಣೆಯಲ್ಲಿ "ನೋಡೋಣ" ಎಂದು ಕಳುಹಿಸಿದರೆ?

2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ದೂರು ದಾಖಲಿಸುವ ವಿಧಾನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು, ವ್ಯಾಪ್ತಿಯ ನೆಪ ಹೇಳಿ ಹಿಂದೆ ಕಳುಹಿಸುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಲೇಬೇಕು. ನಿರಾಕರಿಸಿದರೆ ದೂರನ್ನು ಬರೆದು ಅಂಚೆಯಲ್ಲಿ ಎಸ್‌ಪಿಗೆ, ಮಂಗಳೂರು ನಗರದವರಾದರೆ ಪೊಲೀಸ್ ಆಯುಕ್ತರಿಗೆ ಕಳುಹಿಸಿ. ಅದರ ನಂತರದ ದಾರಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸುವುದು ಈಗ ಪೊಲೀಸರ ಕರ್ತವ್ಯ. ಇದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಕೇಳಿ.

ದೂರು ಬರೆಯುವಾಗ ಒಂದು ಸಂಗತಿ ಮರೆಯಬೇಡಿ: ಮನೆಗೆ ಬೀಗ ಹಾಕಿದ್ದು ಎಷ್ಟು ಹೊತ್ತಿಗೆ, ಕಳವು ಗೊತ್ತಾದದ್ದು ಎಷ್ಟು ಹೊತ್ತಿಗೆ ಎಂದು ನಿಖರವಾಗಿ ಬರೆಯಿರಿ. ಕತ್ತಲಲ್ಲಿ ಬೀಗ ಮುರಿದು ಕದ್ದರೆ ಹದಿನಾಲ್ಕು ವರ್ಷದವರೆಗೆ, ಹಗಲಿನಲ್ಲಾದರೆ ಹತ್ತು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಹೊತ್ತಿನ ಮೇಲೆ ಕಲಮು ಬದಲಾಗುತ್ತದೆ.

ನಾವು ದುಬೈಯಲ್ಲಿದ್ದೇವೆ. ಊರಿನ ಮನೆ ಖಾಲಿ ಇತ್ತು. ಇಲ್ಲಿಂದಲೇ ದೂರು ಕೊಡಬಹುದೇ?

ಇಮೇಲ್ ಮೂಲಕ ಮಾಹಿತಿ ಕೊಡಬಹುದು, ಆದರೆ ಕೊಟ್ಟವರು ಮೂರು ದಿನಗಳೊಳಗೆ ಸಹಿ ಹಾಕಬೇಕು. ಅದಕ್ಕಿಂತ ಸುಲಭದ ದಾರಿ, ಮನೆ ನೋಡಿಕೊಳ್ಳುವ ಬಂಧುವೋ ನೆರೆಯವರೋ ದೂರು ಕೊಡುವುದು. ಅಪರಾಧದ ಮಾಹಿತಿ ಇರುವ ಯಾರು ಬೇಕಾದರೂ ದೂರು ಕೊಡಬಹುದು. ಏನೇನು ಹೋಗಿದೆ ಎಂಬ ಪಟ್ಟಿಯನ್ನು ನೀವು ಆಮೇಲೆ ಸೇರಿಸಿ. ಮನೆಯಲ್ಲಿಟ್ಟಿದ್ದ ಪಾಸ್‌ಪೋರ್ಟ್, ಚೆಕ್ ಪುಸ್ತಕ, ಎಟಿಎಂ ಕಾರ್ಡು ಹೋಗಿದ್ದರೆ ಬ್ಯಾಂಕಿಗೂ ಪಾಸ್‌ಪೋರ್ಟ್ ಕಚೇರಿಗೂ ಅದೇ ದಿನ ತಿಳಿಸಿ. ಮೊಬೈಲ್ ಹೋಗಿದ್ದರೆ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ ಸಂಖ್ಯೆಯನ್ನು ತಡೆಹಿಡಿಸಬಹುದು.

ಟಿಕೆಟ್ ಮಾಡಿಸಿ ಓಡಿ ಬರಬೇಕೇ ಎಂದೂ ಕೇಳುತ್ತೀರಿ. ಮನೆಯಲ್ಲಿ ವಯಸ್ಸಾದವರು ಇದ್ದು, ಕಳ್ಳ ಬಂದಾಗ ಅವರು ಒಳಗಿದ್ದರೆ, ಹೌದು, ಒಬ್ಬರಾದರೂ ಬನ್ನಿ. ಬಂಗಾರ ಮಾತ್ರ ಹೋಗಿದ್ದರೆ ಅವಸರವಿಲ್ಲ.

ಅಜ್ಜಿಯ ಕಾಲದ ಬಂಗಾರ. ಬಿಲ್ ಇಲ್ಲ. ಪೊಲೀಸರು ನಂಬುತ್ತಾರೆಯೇ?

ಬಿಲ್ಲೊಂದೇ ಪುರಾವೆ ಎಂದು ಯಾವ ಕಾನೂನೂ ಹೇಳುವುದಿಲ್ಲ. ಮದುವೆಯ ಆಲ್ಬಮ್ ತೆಗೆಯಿರಿ, ಆ ಫೋಟೊಗಳಲ್ಲಿ ಒಡವೆ ಸ್ಪಷ್ಟವಾಗಿ ಕಾಣುತ್ತದೆ. ಮಗುವಿನ ಜ್ಞಾನಸ್ನಾನದ ಫೋಟೊದಲ್ಲಿ ಕುತ್ತಿಗೆಯ ಸರ ಇರುತ್ತದೆ. ಇನ್ನೊಂದು ದಾಖಲೆಯನ್ನು ನಮ್ಮವರು ನಾಚಿಕೆಯಿಂದ ಹೊರಗೆ ತೆಗೆಯುವುದೇ ಇಲ್ಲ: ಸಹಕಾರಿ ಸಂಘದಲ್ಲಿ ಅಡವಿಟ್ಟಾಗ ಕೊಟ್ಟ ಚೀಟಿ. ಮಗನ ಫೀಸಿಗೋ ಮನೆಯ ಮಾಡಿಗೋ ಬಂಗಾರ ಅಡವಿಡದ ಮನೆ ಕರಾವಳಿಯಲ್ಲಿ ಎಷ್ಟಿದೆ? ಆ ಚೀಟಿಯಲ್ಲಿ ಒಡವೆಯ ಹೆಸರು, ತೂಕ, ತಾರೀಕು ಮೂರೂ ಇರುತ್ತವೆ. ಹಳೆಯ ಚೀಟಿ ಕಳೆದಿದ್ದರೆ ಸಂಘದ ಪುಸ್ತಕದಲ್ಲಿ ನೋಡಿಕೊಡುವಂತೆ ಕೇಳಿ. ಹೊಸ ಒಡವೆಯಾದರೆ ಹಾಲ್‌ಮಾರ್ಕಿನ ಜೊತೆಗಿನ ಆರು ಅಕ್ಷರ ಮತ್ತು ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ ಬಿಲ್ಲಿನಲ್ಲಿ ಇದೆಯೇ ನೋಡಿ.

ತೂಕವನ್ನು ಹೆಚ್ಚಿಸಿ ಬರೆಸಬೇಡಿ. ವಿಮೆ ಇರುವವರಿಗೆ ಈ ಆಸೆ ಹುಟ್ಟುತ್ತದೆ. ಕದ್ದವನನ್ನು ಬೈಯುತ್ತಲೇ ವಿಮಾ ಕಂಪನಿಯಿಂದ ಎರಡು ಪವನು ಹೆಚ್ಚು ಪಡೆಯುವವರಿಗೆ ಕದಿಯಬೇಡ ಎಂಬ ಏಳನೇ ಆಜ್ಞೆಯನ್ನು ನೆನಪಿಸುವುದು ನನ್ನ ಕೆಲಸವಲ್ಲ, ಆದರೂ ನೆನಪಿಸುತ್ತಿದ್ದೇನೆ.

ಕ್ರೈಸ್ತರಾದ ನಾವು ಕ್ಷಮಿಸಬೇಕು. ಹಾಗಿರುವಾಗ ಕೇಸು ಹಾಕುವುದು ಸರಿಯೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಎರಡು ಬಗೆ. ಕೆಲವರಿಗೆ ನಿಜವಾಗಿ ಮನಸ್ಸಾಕ್ಷಿಯ ತೊಳಲಾಟ. ಇನ್ನು ಕೆಲವರಿಗೆ ಠಾಣೆ, ಕೋರ್ಟು ಎಂದರೆ ಬೇಸರ, ಅದಕ್ಕೆ ಕ್ಷಮೆಯ ಹೆಸರು ಕೊಡುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ: ದೂರು ಕೊಡಿ.

1981ರ ಮೇ 13ರಂದು ಪೋಪ್ ಎರಡನೇ ಜಾನ್ ಪಾಲ್ ಅವರ ಮೇಲೆ ಗುಂಡು ಹಾರಿಸಿದ ಅಲಿ ಅಗ್ಜಾನನ್ನು ಅವರು ಕೆಲವೇ ದಿನಗಳಲ್ಲಿ ಕ್ಷಮಿಸಿದರು. 1983ರ ಡಿಸೆಂಬರಿನಲ್ಲಿ ರೋಮಿನ ಸೆರೆಮನೆಗೆ ಹೋಗಿ ಅವನ ಪಕ್ಕದಲ್ಲಿ ಕುಳಿತು ಮಾತಾಡಿದರು. ಬರುವಾಗ ಅವನನ್ನು ಜೊತೆಗೆ ಕರೆದುಕೊಂಡು ಬರಲಿಲ್ಲ. ಇಟಲಿಯ ರಾಷ್ಟ್ರಪತಿ ಅವನಿಗೆ ಕ್ಷಮಾದಾನ ಕೊಟ್ಟದ್ದು 2000ದಲ್ಲಿ. ನಮ್ಮ ದೇಶದಲ್ಲೇ, 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಎಳೆಯ ಗಂಡುಮಕ್ಕಳನ್ನು ಸುಟ್ಟು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದ್ದೇನೆ ಎಂದು ಹೇಳಿದರು. ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು. ಅವರ ಕ್ಷಮೆ ಅದರಿಂದ ಸುಳ್ಳಾಗಲಿಲ್ಲ.

ಬೈಬಲಿನ ಸುಂಕ ವಸೂಲಿಗಾರ ಜಕ್ಕಾಯನ ಕಥೆಯನ್ನೂ ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಯೇಸು ಅವನ ಮನೆಗೆ ಊಟಕ್ಕೆ ಹೋದರು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ, ಮೋಸದಿಂದ ತೆಗೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದು ಅವನು ಎದ್ದು ನಿಂತು ಹೇಳಿದ್ದನ್ನು ಬಿಡುತ್ತೇವೆ. ಕದ್ದದ್ದನ್ನು ಹಿಂದಿರುಗಿಸಬೇಕು ಎಂಬುದು ಮೋಶೆಯ ಕಾನೂನಿನಿಂದ ಕಥೋಲಿಕ ಧರ್ಮೋಪದೇಶದವರೆಗೆ ಒಂದೇ ಗೆರೆಯಲ್ಲಿ ಬಂದಿದೆ. ಕಳ್ಳ ಸಿಕ್ಕಿಬಿದ್ದರೆ ತಾನೇ ಹಿಂದಿರುಗಿಸುವ ಮಾತು?

ಇನ್ನೊಂದು ವ್ಯಾವಹಾರಿಕ ಸಂಗತಿ: ರಾತ್ರಿ ಬೀಗ ಮುರಿದ ಪ್ರಕರಣವನ್ನು ನೀವು ಕ್ಷಮಿಸಿದ್ದೀರೆಂದು ಹಿಂತೆಗೆದುಕೊಳ್ಳಲು ಬರುವುದಿಲ್ಲ. ಮೊಕದ್ದಮೆ ನಡೆಸುವುದು ಸರ್ಕಾರ, ನೀವು ಸಾಕ್ಷಿ ಮಾತ್ರ. ಆದ್ದರಿಂದ "ನಾನು ಅವನನ್ನು ಜೈಲಿಗೆ ಕಳುಹಿಸಿದೆ" ಎಂಬ ಭಾರವನ್ನು ಹೊರಬೇಡಿ. ನ್ಯಾಯಾಲಯದಲ್ಲಿ ಕಂಡದ್ದನ್ನು ಕಂಡಂತೆ ಹೇಳಿ. ಅವನಿಗಾಗಿ ಪ್ರಾರ್ಥಿಸುವುದನ್ನು ಯಾವ ಕಲಮೂ ತಡೆಯುವುದಿಲ್ಲ.

ಆದರೆ ನನಗೆ ಪ್ರಾರ್ಥಿಸಲು ಮನಸ್ಸೇ ಬರುವುದಿಲ್ಲ. ಸಿಟ್ಟು ಬರುತ್ತದೆ. ಇದು ಪಾಪವೇ?

ಅಲ್ಲ. ಹಗೆಯನ್ನು ಬೇಕೆಂದೇ ಪೋಷಿಸುವುದು ಬೇರೆ, ಸಿಟ್ಟು ಬರುವುದು ಬೇರೆ. ಬೈಬಲಿನ ಕೀರ್ತನೆಗಳಲ್ಲಿ ಬಹಳಷ್ಟು ಗೋಳು, ದೂರು, ಕೋಪ. ಪ್ರಾರ್ಥನೆಗೆ ಮಾತು ಬಾರದಿದ್ದರೆ ಜಪಸರ ಕೈಯಲ್ಲಿ ಹಿಡಿದು ಕುಳಿತಿರಿ, ಉಳಿದವರು ಹೇಳಲಿ. ಮೊದಲ ವಾರದಲ್ಲಿ "ಕ್ಷಮಿಸಿದ್ದೇನೆ" ಎಂದು ಘೋಷಿಸುವವರ ಬಗ್ಗೆ ನನಗೆ ಸ್ವಲ್ಪ ಆತಂಕವೇ ಇದೆ.

ಮನೆಗೆ ಬಂದವರೆಲ್ಲ "ದೇವರು ಕೊಟ್ಟರು, ದೇವರು ತೆಗೆದುಕೊಂಡರು" ಎನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಆ ಮಾತು ಬೈಬಲಿನ ಯೋಬನದು. ಅವನು ತನ್ನ ಬಗ್ಗೆ ಹೇಳಿಕೊಂಡದ್ದು, ನೆರೆಯವರು ಬಂದು ಅವನಿಗೆ ಹೇಳಿದ್ದಲ್ಲ. ಅದೇ ಅಧ್ಯಾಯವನ್ನು ನಿಧಾನವಾಗಿ ಓದಿ: ಅವನ ಎತ್ತು, ಕತ್ತೆಗಳನ್ನು ಹೊಡೆದುಕೊಂಡು ಹೋದವರು ಶೆಬದವರು, ಒಂಟೆಗಳನ್ನು ಒಯ್ದವರು ಕಸ್ದೀಯರು, ಮೂರು ದಂಡುಗಳಾಗಿ ಬಂದು. ಯೋಬ ದರೋಡೆಗೆ ಒಳಗಾದವನು. ಅವನ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಏಳು ದಿನ ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಅವನ ಜೊತೆ ಕುಳಿತದ್ದು. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

ಸಾಂತ್ವನ ಹೇಳಲು ಹೋಗುವವರಿಗೆ ಒಂದು ವಿನಂತಿ. ಎಷ್ಟು ಪವನು ಹೋಯಿತು ಎಂದು ಕೇಳಬೇಡಿ. ಊಟ ತೆಗೆದುಕೊಂಡು ಹೋಗಿ. ಮುರಿದ ಬಾಗಿಲಿಗೆ ಬಡಗಿಯನ್ನು ಕರೆತನ್ನಿ. ಮೊದಲ ರಾತ್ರಿ ಯಾರಾದರೂ ಅವರ ಮನೆಯಲ್ಲಿ ಮಲಗಿ.

ಇದು ನಮ್ಮ ಪಾಪಕ್ಕೆ ಶಿಕ್ಷೆಯೇ? ಹರಕೆ ತೀರಿಸದಿದ್ದುದಕ್ಕೆ ಹೀಗಾಯಿತೇ?

ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂದು ಯೇಸು ತಾವೇ ಕೇಳಿ, ಇಲ್ಲ ಎಂದರು. ಹರಕೆ ಬಾಕಿ ಇದ್ದರೆ ತೀರಿಸಿ, ಆದರೆ ಕಳವಿನ ಲೆಕ್ಕಕ್ಕೆ ಅದನ್ನು ಜೋಡಿಸಬೇಡಿ.

ಮನೆಗೆಲಸದ ಹೆಂಗಸಿನ ಮೇಲೆ ಅನುಮಾನ. ಅಲ್ತಾರಿನ ಮುಂದೆ ನಿಲ್ಲಿಸಿ ಆಣೆ ಮಾಡಿಸಬಹುದೇ?

ಬೇಡ. ಆಣೆಯನ್ನೇ ಇಡಬೇಡಿರಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ ಎಂದು ಬೆಟ್ಟದ ಮೇಲಿನ ಬೋಧನೆಯಲ್ಲಿ ಹೇಳಿದವರ ಚಿತ್ರವೇ ಆ ಅಲ್ತಾರಿನ ಮೇಲಿದೆ. ಬಡವರನ್ನು ಅದರ ಮುಂದೆ ನಿಲ್ಲಿಸಿ ನಡುಗಿಸುವುದು ತನಿಖೆಯೂ ಅಲ್ಲ, ಭಕ್ತಿಯೂ ಅಲ್ಲ.

ಪೊಲೀಸರಿಗೆ ಸಂಗತಿಗಳನ್ನು ಹೇಳಿ: ಕೀಲಿಕೈ ಯಾರ ಯಾರ ಬಳಿ ಇತ್ತು, ಇತ್ತೀಚೆಗೆ ಪೇಂಟ್ ಮಾಡಲು, ತೆಂಗಿನಕಾಯಿ ಕೀಳಲು, ಎಸಿ ರಿಪೇರಿಗೆ ಯಾರು ಬಂದಿದ್ದರು, ಒಡವೆ ಎಲ್ಲಿದೆ ಎಂಬುದು ಯಾರಿಗೆ ಗೊತ್ತಿತ್ತು. ಆ ಪಟ್ಟಿಯಲ್ಲಿ ಸ್ವಂತ ಸೋದರಳಿಯನೂ ಬರುವುದಾದರೆ ಅವನ ಹೆಸರನ್ನೂ ಹೇಳಿ. ಕೆಲಸದವಳನ್ನು ಮಾತ್ರ ಹೇಳಿ ನೆಂಟರನ್ನು ಬಿಟ್ಟರೆ ನೀವು ತನಿಖೆಯನ್ನು ಅರ್ಧ ದಾರಿಯಲ್ಲೇ ತಿರುಗಿಸಿದಂತಾಯಿತು. ಅವಳ ಚೀಲ ತಡಕುವುದು, ಕೆಲಸದಿಂದ ತೆಗೆಯುವುದು, ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹಾಕುವುದು, ಇವು ಯಾವುವೂ ಕೂಡದು. ಒಮ್ಮೆ ಕಳ್ಳಿ ಎಂಬ ಹೆಸರು ಬಿದ್ದ ಹೆಂಗಸಿಗೆ ಆ ಊರಿನಲ್ಲಿ ಇನ್ನೊಂದು ಮನೆಯ ಕೆಲಸ ಸಿಗುವುದಿಲ್ಲ. ಆಮೇಲೆ ನಿಜವಾದ ಕಳ್ಳ ಬೇರೆ ಜಿಲ್ಲೆಯಲ್ಲಿ ಸಿಕ್ಕಿಬಿದ್ದರೂ ಹೋದ ಮಾನ ಬರುವುದಿಲ್ಲ. ಈಗಾಗಲೇ ಅಂದುಬಿಟ್ಟಿದ್ದರೆ, ಅವಳ ಮನೆಗೆ ಹೋಗಿ, ಎಷ್ಟು ಜನರ ಮುಂದೆ ಅಂದಿರೋ ಅಷ್ಟು ಜನರಿಗೆ ಕೇಳುವಂತೆ ತಪ್ಪಾಯಿತು ಎನ್ನಿ.

ಅಂಜನ ಹಾಕಿಸಿದರೆ ಕಳ್ಳನ ಮುಖ ಕಾಣುತ್ತದಂತೆ. ತುಳುನಾಡಿನ ದೈವ ಕೊರಗಜ್ಜನಿಗೆ ಹೇಳಿಕೊಂಡರೆ ಕಳೆದದ್ದು ಸಿಗುತ್ತದಂತೆ. ಹೋಗಬಹುದೇ?

ತುಳುನಾಡಿನಲ್ಲಿ ಕಳೆದ ವಸ್ತುವಿಗೆ ಅಜ್ಜನನ್ನು ನೆನೆಯುವುದು ಎಲ್ಲ ಮತದವರಲ್ಲೂ ಉಂಟು. ಚಕ್ಕುಲಿ, ವೀಳ್ಯ ಒಪ್ಪಿಸುವ ನೆರೆಯವರ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕ್ರೈಸ್ತ ಬೋಧನೆಯ ಪ್ರಕಾರ ಕಣಿ, ಅಂಜನ, ಪ್ರಶ್ನೆ ಇಡಿಸುವುದು ನಮಗೆ ಸಲ್ಲದ ದಾರಿ. ಅಂಜನದಲ್ಲಿ ಇನ್ನೂ ಒಂದು ಅಪಾಯವಿದೆ. ಎಲೆಯಲ್ಲಿ ಕಂಡ ಮುಖ ಯಾವಾಗಲೂ ಮನೆಯವರು ಮೊದಲೇ ಅನುಮಾನಿಸಿದವರದ್ದೇ ಆಗಿರುತ್ತದೆ. ಮೇಲಿನ ಪ್ರಶ್ನೆಯ ಹೆಂಗಸು ಮತ್ತೆ ಸಿಕ್ಕಿಬೀಳುವುದು ಅಲ್ಲಿಯೇ.

ಕಥೋಲಿಕರಿಗೆ ಸಂತ ಅಂತೋನಿಯವರಿದ್ದಾರೆ. ಅವರು ಕಳೆದ ವಸ್ತುಗಳ ಪಾಲಕರಾದದ್ದೇ ಒಂದು ಕಳವಿನಿಂದ. ಅವರು ಟಿಪ್ಪಣಿ ಬರೆದಿಟ್ಟುಕೊಂಡಿದ್ದ ಕೀರ್ತನೆಗಳ ಪ್ರತಿಯನ್ನು ಮಠ ಬಿಟ್ಟು ಹೋಗುತ್ತಿದ್ದ ಕಿರಿಯನೊಬ್ಬ ಒಯ್ದನಂತೆ. ಅಂತೋನಿ ಪ್ರಾರ್ಥಿಸಿದರು, ಅವನು ಪುಸ್ತಕದೊಡನೆ ಮಠಕ್ಕೇ ಹಿಂದಿರುಗಿದನು ಎಂದು ಪರಂಪರೆ ಹೇಳುತ್ತದೆ. ಮಂಗಳವಾರದ ನೊವೆನಾ ಪ್ರಾರ್ಥನೆಗೆ ಹೋಗುವವರು ಕಥೆಯ ಈ ಎರಡನೇ ಭಾಗವನ್ನು ಗಮನಿಸಲಿ: ಕಳ್ಳನೂ ಮನೆಗೆ ಬಂದನು. ಸಿಎಸ್‌ಐಯವರು ಸಂತರ ಮಧ್ಯಸ್ಥಿಕೆ ಕೇಳುವುದಿಲ್ಲ, ನೇರವಾಗಿ ದೇವರಿಗೇ ಹೇಳಿಕೊಳ್ಳಲಿ.

ಕರಿಮಣಿ, ಮದುವೆಯ ಉಂಗುರ ಎರಡೂ ಹೋದವು. ಅಪಶಕುನವೇ?

ಮದುವೆಯ ಸಂಸ್ಕಾರ ಇರುವುದು ನೀವಿಬ್ಬರೂ ಕೊಟ್ಟ ಒಪ್ಪಿಗೆಯಲ್ಲಿ, ಬಂಗಾರದಲ್ಲಿ ಅಲ್ಲ. ಹೊಸ ಉಂಗುರ ಮಾಡಿಸಿದಾಗ ಧರ್ಮಗುರುಗಳಿಂದ ಆಶೀರ್ವಾದ ಮಾಡಿಸಿಕೊಳ್ಳಿ. ಹಣವಿಲ್ಲದಿದ್ದರೆ ಬೆಳ್ಳಿಯದ್ದು ಸಾಕು. ಅತ್ತೆ ತೊಡಿಸಿದ ಕರಿಮಣಿಗಾಗಿ ಅಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದರಲ್ಲಿದ್ದದ್ದು ಬೆಲೆ ಮಾತ್ರವಲ್ಲವಲ್ಲ.

ಲಾಕರಿನಲ್ಲಿ ಇಡು ಎಂದಿದ್ದೆ, ಅವಳು ಕೇಳಲಿಲ್ಲ. ಈಗ ಮನೆಯಲ್ಲಿ ದಿನವೂ ಜಗಳ.

ಬೈಬಲಿನಲ್ಲಿ ದಾವೀದನೂ ಅವನ ಜನರೂ ಹಿಂದಿರುಗಿದಾಗ ಅವರು ನೆಲೆಸಿದ್ದ ಚಿಕ್ಲಗ್ ಊರು ಸುಟ್ಟುಹೋಗಿತ್ತು, ಅಮಾಲೇಕ್ಯರು ಹೆಂಡತಿ ಮಕ್ಕಳನ್ನೆಲ್ಲ ಒಯ್ದಿದ್ದರು. ಅಳಲು ಶಕ್ತಿಯಿಲ್ಲದಾಗುವವರೆಗೆ ಅತ್ತರು. ಆಮೇಲೆ ಮಾಡಿದ್ದೇನು? ದಾವೀದನಿಗೇ ಕಲ್ಲೆಸೆಯಬೇಕೆಂದು ಮಾತಾಡಿಕೊಂಡರು. ಅಮಾಲೇಕ್ಯರು ದೂರದಲ್ಲಿದ್ದರು, ದಾವೀದ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದನು. ನಿಮ್ಮ ಮನೆಯಲ್ಲೂ ನಡೆಯುತ್ತಿರುವುದು ಅದೇ. ಕದ್ದವನು ಸಿಗುವುದಿಲ್ಲ, ಹೆಂಡತಿ ಸಿಗುತ್ತಾಳೆ. ಬೀಗ ಮುರಿದವನು ಅವಳಲ್ಲ ಎಂದು ಒಮ್ಮೆ ಬಾಯಿ ಬಿಟ್ಟು ಹೇಳಿ.

ಲಾಕರ್ ಬಗ್ಗೆ ಹೇಳುವುದಾದರೆ, 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕಿನಲ್ಲೇ ಕಳವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಮುಗಿಯುತ್ತದೆ. ಮನೆಯ ಕಪಾಟಿಗಿಂತ ಮೇಲು, ಅಷ್ಟೇ.

ಮಗಳು ಒಬ್ಬಳೇ ಮಲಗುವುದಿಲ್ಲ. ಅಮ್ಮ ರಾತ್ರಿಯೆಲ್ಲ ಎದ್ದು ಬಾಗಿಲು ನೋಡುತ್ತಾರೆ.

ಮಗುವಿಗೆ "ಕಳ್ಳ ಇನ್ನು ಬರುವುದೇ ಇಲ್ಲ" ಎಂದು ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಏನು ಬದಲಾಗಿದೆ ಎಂಬುದನ್ನು ತೋರಿಸಿ: ಹೊಸ ಚಿಲಕ, ಹಿಂಬದಿಯ ದೀಪ, ಕೂಗಿದರೆ ಓಡಿಬರುವ ಪಕ್ಕದ ಮನೆಯ ಅಂಕಲ್. ರಾತ್ರಿ ಚಿಲಕ ಹಾಕುವ ಕೆಲಸವನ್ನು ಅವಳಿಗೇ ಕೊಡಿ. ಕೆಲವು ದಿನ ನಿಮ್ಮ ಜೊತೆ ಮಲಗಲಿ, ಹಾಸಿಗೆ ಒದ್ದೆಯಾದರೆ ಗದರಬೇಡಿ. ಸಂಜೆಯ ಜಪಸರ, ಊಟ, ನಿದ್ದೆ ಹಿಂದಿನ ಹೊತ್ತಿಗೇ ನಡೆಯಲಿ. ನಾಲ್ಕನೇ ಕೀರ್ತನೆಯ ಕೊನೆಯ ವಚನ ನೆಮ್ಮದಿಯಿಂದ ಮಲಗುವವನ ಮಾತು, ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ.

ಅಮ್ಮನ ವಿಷಯ ಬೇರೆ. ದೊಡ್ಡವರು ಭಯವನ್ನು ಒಪ್ಪುವುದಿಲ್ಲ, ಗ್ಯಾಸ್ಟ್ರಿಕ್ ಎನ್ನುತ್ತಾರೆ. ಒಂದು ತಿಂಗಳು ಕಳೆದರೂ ನಿದ್ದೆಯಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತಾರೆ, ಆ ಕೋಣೆಗೆ ಕಾಲಿಡುವುದಿಲ್ಲ ಎಂದಾದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಫಾದರ್ ಬಂದು ಮನೆಗೆ ಪವಿತ್ರ ಜಲ ಚಿಮುಕಿಸಿ ಆಶೀರ್ವದಿಸಿದ ಮೇಲೆ ಆ ಕೋಣೆಯಲ್ಲಿ ಮತ್ತೆ ಮಲಗಲು ಧೈರ್ಯ ಬಂದವರಿದ್ದಾರೆ. ಆಶೀರ್ವಾದವನ್ನೂ ಮಾಡಿಸಿ, ವೈದ್ಯರಿಗೂ ತೋರಿಸಿ.

ಕಳ್ಳ ನೆರೆಯವರ ಕೈಗೆ ಸಿಕ್ಕಿದ. ನಾಲ್ಕು ಬಿಗಿಯಬಹುದೇ?

ಕೂಡದು. ಹಿಡಿದು ಕೂರಿಸಿ, ತಡಮಾಡದೆ ಪೊಲೀಸರಿಗೆ ಒಪ್ಪಿಸಿ. ಸಾವಿರಾರು ವರ್ಷ ಹಳೆಯ, ಬೈಬಲಿನ ವಿಮೋಚನಕಾಂಡದ ಕಾನೂನು ಕೂಡ ಸೂರ್ಯ ಹುಟ್ಟಿದ ಮೇಲೆ ಕಳ್ಳನನ್ನು ಕೊಂದವನ ಮೇಲೆ ರಕ್ತಾಪರಾಧ ಹೊರಿಸುತ್ತದೆ.

ಒಡವೆ ಸಿಕ್ಕಿದೆ ಎಂದು ಠಾಣೆಯಿಂದ ಫೋನ್ ಬಂತು. ಕೂಡಲೇ ಕೊಡುತ್ತಾರೆಯೇ?

ಠಾಣೆಯಲ್ಲಿ ಗುರುತು ಹಿಡಿಯಬೇಕು, ಆಮೇಲೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಇಂಥ ವಸ್ತುಗಳನ್ನು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಯಿಸಬಾರದು, ಫೋಟೊ ಮತ್ತು ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ಬೇಗ ಮಾಲೀಕರಿಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ವಕೀಲರಿಗೆ ಈ ಹೆಸರು ಹೇಳಿದರೆ ಸಾಕು. ಬಿಡಿಸಿಕೊಂಡ ಒಡವೆಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ, ಅಳಿಸಿ ಬೇರೆ ಮಾಡಿಸುವಂತಿಲ್ಲ. ಎಷ್ಟೋ ಸಲ ಸಿಗುವುದು ಕರಗಿಸಿದ ಗಟ್ಟಿ. ಅಜ್ಜಿಯ ಸರವೆಂದು ಅದನ್ನು ಗುರುತಿಸುವುದು ಅಸಾಧ್ಯ, ತೂಕದ ದಾಖಲೆ ಆಗ ಕೈಹಿಡಿಯುತ್ತದೆ.

ಏನೂ ಸಿಗದಿದ್ದರೆ ಪೊಲೀಸರು ಪತ್ತೆಯಾಗಿಲ್ಲವೆಂದು "ಸಿ" ರಿಪೋರ್ಟ್ ಸಲ್ಲಿಸುತ್ತಾರೆ. ಅದರ ಪ್ರತಿ ತೆಗೆದಿಡಿ, ವಿಮಾ ಕಂಪನಿ ಕೇಳುತ್ತದೆ. ಮುಂದೆ ಸುಳಿವು ಸಿಕ್ಕರೆ ತನಿಖೆ ಮತ್ತೆ ತೆರೆಯಬಹುದು.

ಒಡವೆಯ ಪೊಟ್ಟಣವನ್ನು ಫಾದರ್ ತಂದುಕೊಟ್ಟರು. ಯಾರು ಕೊಟ್ಟರೆಂದು ಹೇಳುವುದಿಲ್ಲ. ಒತ್ತಾಯಿಸಬಹುದೇ?

ಪಾಪನಿವೇದನೆಯಲ್ಲಿ ಕೇಳಿದ್ದಾದರೆ ಅವರು ಪ್ರಾಣ ಹೋದರೂ ಹೇಳುವಂತಿಲ್ಲ, ಚರ್ಚಿನ ಕಾನೂನು ಅಷ್ಟು ಕಟ್ಟುನಿಟ್ಟು. ಕದ್ದದ್ದನ್ನು ಹಿಂದಿರುಗಿಸು ಎಂದು ಅಲ್ಲಿ ಹೇಳಿರಬೇಕು, ಅವನು ಕೇಳಿರಬೇಕು. ಪೊಟ್ಟಣ ಬಂದದ್ದನ್ನು ಪೊಲೀಸರಿಗೆ ಮುಚ್ಚಿಡಬೇಡಿ, ನಿಮ್ಮ ದೂರು ದಾಖಲೆಯಲ್ಲಿದೆ. ಯಾರಿರಬಹುದು ಎಂದು ಪೂಜೆಯಲ್ಲಿ ಸಾಲು ಸಾಲಾಗಿ ಮುಖ ನೋಡುತ್ತಾ ಕೂರಬೇಡಿ.

ಕ್ರಿಸ್ಮಸ್ ಬರುತ್ತಿದೆ. ರಾತ್ರಿಯ ಪೂಜೆಗೆ ಮನೆ ಬಿಟ್ಟು ಹೋಗಲು ಭಯ.

ಈ ವರ್ಷ ಪಾಳಿ ಮಾಡಿ. ಅರ್ಧ ಮಂದಿ ರಾತ್ರಿ ಹೋಗಲಿ, ಉಳಿದವರು ಮರುದಿನ ಬೆಳಗಿನ ಪೂಜೆಗೆ. ಎಲ್ಲರೂ ಹೋಗಲೇಬೇಕೆಂದಿದ್ದರೆ ಠಾಣೆಗೆ ಮುಂಚೆಯೇ ತಿಳಿಸಿ, ಬೀಟಿನವರು ಆ ಕಡೆ ಒಂದು ಸುತ್ತು ಬರುತ್ತಾರೆ. ಒಳಗೊಂದು ದೀಪ ಉರಿಯಲಿ. ಗೋದಲಿಯ ಮುಂದೆ ನಿಂತ ಕುಟುಂಬದ ಫೋಟೊವನ್ನು ಇಗರ್ಜಿಯಿಂದಲೇ ಸ್ಟೇಟಸ್ ಹಾಕದೆ ಮನೆಗೆ ಬಂದ ಮೇಲೆ ಹಾಕಿ. ಕೀಲಿಕೈಯನ್ನು ಹೂವಿನ ಕುಂಡದಡಿ ಇಡುವ ಅಭ್ಯಾಸ ಬಿಡಿ. ಆ ರಾತ್ರಿ ಮನೆಯಲ್ಲೇ ಇರುವ ಹಿಂದೂ ಅಥವಾ ಮುಸ್ಲಿಂ ನೆರೆಯವರಿಗೆ ಮನೆ ಕಡೆ ಒಂದು ಕಣ್ಣಿಡಿ ಎಂದು ಹೇಳಿ ಹೋಗಿ, ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆಯನ್ನು ಅವರಿಗೆ ಮರುದಿನದ ಬದಲು ಹಿಂದಿನ ದಿನವೇ ತಲುಪಿಸಿ. ಅವರ ಹಬ್ಬಕ್ಕೆ ಅವರು ಊರಿಗೆ ಹೋದಾಗ ಆ ಪಾಳಿ ನಿಮ್ಮದು.